ಕಟ್ಟೆ ಹೋಯಿತು, ಸುಂಕ ಉಳಿಯಿತು

ಮೊನ್ನೆ ಊರಿನಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮನನ್ನು ಅಲ್ ಐನ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಶನಿವಾರ ಸಂಜೆ ಆರರ ಸುಮಾರಿಗೆ ಮಕ್ತಾ ಸೇತುವೆಯ ಮೇಲೆ ವಾಪಸು ಬರುವಾಗ, "ಇಗೋ, ಈಗ ನಾಲ್ಕು ದಿರ್ಹಂ ಟೋಲ್ ಹೋಯಿತು" ಅಂದೆ. ಅವನು ಹಿಂದೆ ಮುಂದೆ ತಿರುಗಿ ನೋಡಿದ.

"ಟೋಲ್ ಎಲ್ಲಿ ಭಾವ? ನಂಗೆ ಕಾಣ್ಲೇ ಇಲ್ವಲ್ಲ!"

"ತಲೆ ಮೇಲೆ ಕಮಾನು ಹಾದುಹೋಯಿತಲ್ಲ, ಅದೇ."

"ಹಾಗಾದ್ರೆ ಜಗಳ ಮಾಡೂದು ಯಾರ ಹತ್ರ ಮಾರಾಯ್ರೆ?"

ಕಾರಿನಲ್ಲಿದ್ದವರೆಲ್ಲ ನಕ್ಕೆವು. ಆದರೆ ಖಾಲಿದಿಯಾದ ಮನೆಗೆ ಬಂದು, ಊಟ ಮುಗಿಸಿ, ಅವನು ಮಲಗಿದ ಮೇಲೂ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಮ್ಮ ಸಂಪಾದಕರು ಬಹಳ ದಿನದಿಂದ "ಡಾಕ್ಟರೇ, ಬಿ.ಪಿ., ಶುಗರ್ ಬಿಟ್ಟು ಬೇರೆ ಏನಾದರೂ ಬರೆದುಕೊಡಿ" ಎಂದು ಬೆನ್ನು ಹತ್ತಿದ್ದರು. ಆದ್ದರಿಂದ ಈ ಸಲ ಒಂದು ವಿಮರ್ಶೆ. ಪುಸ್ತಕದ್ದಲ್ಲ, ನಾಟಕದ್ದಲ್ಲ, ಸುಂಕದ ಮನೆಯದು. ನಾನು ವಾಸ್ತುಶಿಲ್ಪ ಓದಿದವನಲ್ಲ. ಆದರೆ ರೋಗಿಯನ್ನು ಹೊರಗಿನಿಂದ ನೋಡಿ ಒಳಗಿನದನ್ನು ಊಹಿಸುವುದೇ ನನ್ನ ಕಸುಬಾದ್ದರಿಂದ, ಕಟ್ಟಡದ ವಿಷಯದಲ್ಲೂ ಅದನ್ನೇ ಮಾಡುತ್ತೇನೆ. ಬಲ್ಲವರು ತಿದ್ದಲಿ.

ಮೊದಲು ಮಕ್ತಾದಿಂದಲೇ ಶುರುಮಾಡೋಣ. ವಾರಕ್ಕೆ ನಾಲ್ಕು ಸಲ ದಾಟಿದರೂ ನಮ್ಮಲ್ಲಿ ಬಹಳ ಜನ ಅಲ್ಲಿ ಕಾರು ನಿಲ್ಲಿಸಿ ನೋಡಿರಲಾರರು. ಅಬುಧಾಬಿ ಒಂದು ದ್ವೀಪ. ಸೇತುವೆಗಳಿಲ್ಲದ ಕಾಲದಲ್ಲಿ ಸಮುದ್ರ ಇಳಿತಕ್ಕೆ ಬಂದಾಗ ಜನ ಮತ್ತು ಒಂಟೆಗಳು ಈ ಜಾಗದಲ್ಲಿ ನೀರಿಗಿಳಿದು ನಡೆದೇ ದಾಟುತ್ತಿದ್ದರು. ಮಕ್ತಾ ಎಂಬ ಹೆಸರಿನ ಮೂಲದಲ್ಲೇ ಕಡಿಯುವುದು, ದಾಟುವುದು ಎಂಬ ಅರ್ಥಗಳಿವೆ. ನಮ್ಮ ಕಡೆ ಹೊಳೆಯ 'ಹಾಯ್ಗಡ' ಎನ್ನುತ್ತೇವಲ್ಲ, ಹಾಗೆ. 1950ರ ದಶಕದಲ್ಲಿ ಕಲ್ಲು ತುಂಬಿಸಿ ಒಂದು ಏರಿ ಮಾಡಿದರು. 1968ರಲ್ಲಿ ಸೇತುವೆ ಬಂತು. ಆ ಸೇತುವೆಯ ಪಕ್ಕದಲ್ಲಿ ನೀರಿನ ನಡುವೆ ಒಂದು ಗಿಡ್ಡ ಕಲ್ಲಿನ ಗೋಪುರವಿದೆ, ಹತ್ತಿರದಲ್ಲೇ ಒಂದು ಸಣ್ಣ ಕೋಟೆಯಿದೆ. ದ್ವೀಪಕ್ಕೆ ಯಾರು ಬರುತ್ತಾರೆ, ಸ್ನೇಹಿತರೋ ದರೋಡೆಕೋರರೋ ಎಂದು ನೋಡಿ ಒಳಗೆ ಬಿಡಲು ಕಟ್ಟಿದ್ದು.

ಈ ಗೋಪುರ ನನಗೆ ಬಹಳ ಇಷ್ಟ. ಅದರಲ್ಲಿ ಅಲಂಕಾರವಿಲ್ಲ. ಕಿಟಕಿ ಎನ್ನುವಂಥದ್ದೂ ಇಲ್ಲ. ಕಾವಲು ಗೋಪುರಗಳ ರೀತಿಯೇ ಹಾಗೆ, ಒಳಗಿದ್ದವನಿಗೆ ಹೊರಗಿನವನು ಕಾಣಬೇಕು, ಹೊರಗಿನವನಿಗೆ ಒಳಗಿದ್ದವನು ಕಾಣಬಾರದು. ಆದರೆ ಅದು ನಿಂತ ಜಾಗ ಎಷ್ಟು ಸರಿಯಾಗಿದೆಯೆಂದರೆ, ಅದನ್ನು ಬೇರೆಲ್ಲೂ ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಸೊಂಟದ ತನಕ ನೀರಿನಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬರುವವನು ಅದನ್ನು ತಪ್ಪಿಸಿ ಹೋಗುವಂತಿರಲಿಲ್ಲ. ಕೋಟೆಯ ಬಗ್ಗೆ ಮಾತ್ರ ನನಗೆ ಸ್ವಲ್ಪ ತಕರಾರಿದೆ. ದುರಸ್ತಿಯ ಹೆಸರಿನಲ್ಲಿ ಅದಕ್ಕೆ ಎಷ್ಟು ನುಣುಪು ಬಂದಿದೆಯೆಂದರೆ, ಎಪ್ಪತ್ತರ ಅಜ್ಜನಿಗೆ ಮದುವೆಯ ದಿನ ಪೌಡರ್ ಬಳಿದ ಹಾಗೆ ಕಾಣುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ನಮ್ಮ ಖಾಲಿದಿಯಾಕ್ಕೆ ಹತ್ತಿರವೇ ಇರುವ ಕಸರ್ ಅಲ್ ಹೊಸನ್ ನೋಡಿ. ಹಳಬರಿಗೆ ಅದು ಅಚ್ಚ ಬಿಳಿ ಕೋಟೆಯಾಗಿ ನೆನಪಿರುತ್ತದೆ. ಆ ಬಿಳಿ ಗಾರೆ ಇತ್ತೀಚಿನ ಕಾಲದ್ದು. ಒಳಗಿನ ತೇವ ಹೊರಬರಲು ಬಿಡದೆ ಗೋಡೆಗಳನ್ನೇ ಕೆಡಿಸುತ್ತಿತ್ತು. ಅದನ್ನು ಕೆರೆದು ತೆಗೆದು, ಹಳೆಯ ಹವಳದ ಕಲ್ಲು ಮತ್ತೆ ಉಸಿರಾಡುವಂತೆ ಮಾಡಿ 2018ರಲ್ಲಿ ತೆರೆದರು.  

ಈ ಗೋಪುರದ ಎದುರಿಗೇ, ಅದೇ ಹಾಯ್ಗಡದ ಮೇಲೆ, 2021ರ ಜನವರಿ 2ರಿಂದ ದರ್ಬ್ ಟೋಲ್ ಬಂದಿದೆ. ದರ್ಬ್ ಎಂದರೆ ಅರಬಿಯಲ್ಲಿ ದಾರಿ. (ಕಿವಿಗೆ ನಮ್ಮ 'ದಾರಿ'ಯ ನೆಂಟನಂತೆ ಕೇಳಿಸಿದರೂ ಸಂಬಂಧವೇನಿಲ್ಲ.) ದುಬೈಯವರು 2007ರ ಜುಲೈ 1ರಂದೇ ಸಾಲಿಕ್ ಶುರುಮಾಡಿದ್ದರು. ದ್ವೀಪಕ್ಕೆ ಬರುವ ನಾಲ್ಕು ಸೇತುವೆಗಳಿಗೂ ದರ್ಬ್ ಇದೆ. ಜಹಾ ಹದೀದ್ ಅಲೆಯ ಹಾಗೆ ಬಳುಕಿಸಿ ರಚಿಸಿದ, 2010ರಲ್ಲಿ ತೆರೆದ ಶೇಖ್ ಜಾಯೆದ್ ಸೇತುವೆಗೂ ಉಂಟು. ಅಂದರೆ ಇನ್ನೂರು ವರ್ಷದ ಮೇಲೆ ಕಾವಲು ಮರಳಿ ತನ್ನ ಹಳೆಯ ಜಾಗಕ್ಕೇ ಬಂದು ನಿಂತಿತು. ಆದರೆ ಬರುವಾಗ ಮನೆಯನ್ನು ಬಿಟ್ಟು ಬಂತು, ಮನುಷ್ಯನನ್ನೂ ಬಿಟ್ಟು ಬಂತು.

ಸುಂಕಕ್ಕೆ ಮನೆ ಯಾಕೆ ಬೇಕು ಎಂದು ನೀವು ಕೇಳಬಹುದು. ನಾನು ನೋಡಿದ ಒಂದು ಮನೆಯ ಕಥೆ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ರೆಸಿಡೆನ್ಸಿಗೆಂದು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದೆ. ಮೂವತ್ತಾರು ತಾಸಿನ ಡ್ಯೂಟಿ ಮುಗಿದ ಒಂದು ಭಾನುವಾರ, ನಿದ್ದೆ ಮಾಡುವುದು ಬಿಟ್ಟು, ಸೀನಿಯರ್ ಒಬ್ಬರ ಹಳೆಯ ಕಾರಿನಲ್ಲಿ ಯೂನಿಯನ್‌ಟೌನ್ ಎಂಬ ಊರಿನ ಕಡೆ ಸುತ್ತಾಡಲು ಹೊರಟೆವು. ಅಲ್ಲಿ ರೂಟ್ ನಲವತ್ತರ ಪಕ್ಕದಲ್ಲಿ ಸೀರೈಟ್ಸ್ ಟೋಲ್‌ಹೌಸ್ ಎಂಬ ಪುಟ್ಟ ಇಟ್ಟಿಗೆ ಮನೆ. ಕಟ್ಟಿದ್ದು 1835ರಲ್ಲಿ.

ಆ ರಸ್ತೆಯ ಹಿನ್ನೆಲೆ ಎರಡೇ ಮಾತಿನಲ್ಲಿ: ಅಮೆರಿಕದ ಕೇಂದ್ರ ಸರ್ಕಾರ ತನ್ನ ಹಣದಿಂದ ಮಾಡಿಸಿದ ಮೊದಲ ಹೆದ್ದಾರಿ ಅದು, ನ್ಯಾಷನಲ್ ರೋಡ್. 1811ರಲ್ಲಿ ಕಂಬರ್ಲೆಂಡಿನಿಂದ ಕೆಲಸ ಶುರುವಾಯಿತು. ರಿಪೇರಿಯ ಖರ್ಚು ಯಾರು ಕೊಡಬೇಕೆಂಬ ಜಗಳ ಮುಗಿಯದೆ, ಕೊನೆಗೆ ರಸ್ತೆಯನ್ನು ರಾಜ್ಯಗಳ ಕೊರಳಿಗೆ ಕಟ್ಟಿದರು. ರಾಜ್ಯಗಳು ಟೋಲ್ ಇಟ್ಟವು. ಪೆನ್ಸಿಲ್ವೇನಿಯಾ ಕಟ್ಟಿಸಿದ ಆರು ಸುಂಕದ ಮನೆಗಳಲ್ಲಿ ಈಗ ಉಳಿದಿರುವುದು ಎರಡು: ಒಂದು ಈ ಸೀರೈಟ್ಸ್, ಇನ್ನೊಂದು ಆಡಿಸನ್ ಎಂಬಲ್ಲಿ ಕಲ್ಲಿನದು.

ಮನೆಯ ಗುಟ್ಟು ಇರುವುದು ಅದರ ಆಕಾರದಲ್ಲಿ. ನಡುವೆ ಎರಡು ಅಂತಸ್ತಿನ ಎಂಟು ಮೂಲೆಯ ಭಾಗ, ಅದಕ್ಕೆ ಅಂಟಿಕೊಂಡು ಒಂದಂತಸ್ತಿನ ಕೋಣೆಗಳು. ಎಂಟು ಮೂಲೆ ಶೋಕಿಗಾಗಿ ಮಾಡಿದ್ದಲ್ಲ. ಚೌಕ ಮನೆಯಾದರೆ ಎದುರಿಗೆ ಬಂದದ್ದು ಮಾತ್ರ ಕಾಣುತ್ತದೆ. ಮೂಲೆ ಕತ್ತರಿಸಿ ಓರೆ ಗೋಡೆಗಳಿಗೆ ಕಿಟಕಿ ಇಟ್ಟರೆ ರಸ್ತೆಯ ಎರಡೂ ತುದಿ ಒಳಗೆ ಕುಳಿತಲ್ಲಿಂದಲೇ ಕಾಣುತ್ತದೆ. ನಮ್ಮ ಅಜ್ಜಿಯಂದಿರು ಜಗಲಿಯ ತುದಿಯಲ್ಲೇ ಯಾಕೆ ಕೂರುತ್ತಿದ್ದರು? ಮೇಲಿನ ಕೇರಿಯಿಂದ ಯಾರು ಬಂದರು, ಕೆಳಗಿನ ಕೇರಿಗೆ ಯಾರು ಹೋದರು, ಒಂದೂ ತಪ್ಪಬಾರದು. ಇಂಗ್ಲೆಂಡ್, ವೇಲ್ಸ್‌ಗಳಲ್ಲೂ ಇದೇ ಆಕಾರದ ಸುಂಕದ ಮನೆಗಳಿವೆ. ಸುಂಕದ ಮನೆ ಎಂದರೆ ಮೂಲತಃ ಒಂದು ಕಿಟಕಿ. ಉಳಿದದ್ದೆಲ್ಲ ಆ ಕಿಟಕಿಗೆ ಗೋಡೆ ಮತ್ತು ಮಾಡು.

ಎರಡನೆಯದು, ಹೊರಗೆ ಬರೆದು ಹಾಕಿದ ದರದ ಪಟ್ಟಿ. ಇಪ್ಪತ್ತು ಕುರಿಗೆ ಆರು ಸೆಂಟು, ಇಪ್ಪತ್ತು ದನಕ್ಕೆ ಹನ್ನೆರಡು ಸೆಂಟು, ಕುದುರೆ ಮತ್ತು ಸವಾರನಿಗೆ ನಾಲ್ಕು ಸೆಂಟು. (ನಾಲ್ಕು ಎಂಬ ಸಂಖ್ಯೆಗೂ ಟೋಲಿಗೂ ಏನೋ ಋಣಾನುಬಂಧವಿರಬೇಕು.) ಗಾಡಿಯ ಚಕ್ರದ ಪಟ್ಟಿ ಅಗಲವಾಗಿದ್ದಷ್ಟೂ ದರ ಕಡಿಮೆ, ಯಾಕೆಂದರೆ ಕಿರಿದಾದ ಚಕ್ರ ರಸ್ತೆಯನ್ನು ಸೀಳುತ್ತದೆ, ಅಗಲವಾದದ್ದು ರೋಲರಿನ ಹಾಗೆ ಅದುಮುತ್ತದೆ. ದೇವರ ಪ್ರಾರ್ಥನೆಗೆ ಹೋಗುವವರಿಗೆ, ಹೆಣದ ಹಿಂದೆ ಹೋಗುವವರಿಗೆ ಸುಂಕವಿಲ್ಲ. ಡಾಕ್ಟರುಗಳ ಹೆಸರು ಹುಡುಕಿದೆ, ರಿಯಾಯಿತಿ ಕಾಣಲಿಲ್ಲ! ಈ ಪಟ್ಟಿಯಿಂದ ಏನಾಗುತ್ತದೆಂದರೆ, ಕಿಟಕಿಯ ಒಳಗಿದ್ದವನು ಮನಸ್ಸಿಗೆ ಬಂದಷ್ಟು ಕೇಳುವಂತಿಲ್ಲ. ಹೊರಗಿದ್ದವನು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮೂರನೆಯದು, ಅದು ಮನೆ. ಸುಂಕದವನು ಹೆಂಡತಿ ಮಕ್ಕಳೊಡನೆ ಅಲ್ಲೇ ವಾಸಿಸುತ್ತಿದ್ದ. ಬೆಳಿಗ್ಗೆ ದುಡ್ಡು ಕಿತ್ತುಕೊಂಡವನ ಮಗುವೇ ಸಂಜೆ ಬಾಗಿಲಲ್ಲಿ ಆಡುತ್ತಿರುತ್ತದೆ. ಬೈಯುವವನ ನಾಲಿಗೆಗೂ ಒಂದು ಲಗಾಮು.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಸುಂಕಕ್ಕೇನೂ ಬರವಿರಲಿಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ಹೆಸರುಗಳಿವೆ. ಎತ್ತಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಲೆಕ್ಕ. ಸುಂಕದ ಅಧಿಕಾರಿಗಳು ಅಡಿಕೆ, ಮೆಣಸಿನ ಹೇರುಗಳ ಸುಂಕದಲ್ಲಿ ಒಂದು ಪಾಲನ್ನು ದೇವಸ್ಥಾನದ ನಂದಾದೀವಿಗೆಗೆ ಬಿಟ್ಟುಕೊಟ್ಟ ದಾಖಲೆಗಳೂ ಇವೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಆ ಪಟ್ಟಣದ ಒಂದು ಬಾಗಿಲಿನ ಸುಂಕವನ್ನೇ ವರ್ಷಕ್ಕೆ ಹನ್ನೆರಡು ಸಾವಿರ ಪರ್ದಾವ್‌ಗೆ ಗುತ್ತಿಗೆ ಕೊಟ್ಟಿದ್ದನ್ನು ಬರೆದಿದ್ದಾನೆ. ಗುತ್ತಿಗೆದಾರರು ಕೇಳಿದ್ದನ್ನು ಕೊಡದೆ ಯಾರೂ ಒಳಗೆ ಹೋಗುವಂತಿರಲಿಲ್ಲವಂತೆ. ಅಲ್ಲಿ ದರದ ಪಟ್ಟಿ ಇದ್ದಂತೆ ಕಾಣುವುದಿಲ್ಲ! ಹಂಪಿಗೆ ಹೋದವರು ತಳವಾರಘಟ್ಟದ ಬಾಗಿಲನ್ನು ನೋಡಿರುತ್ತೀರಿ. ಆನೆಗೊಂದಿಗೆ ಹೊಳೆ ದಾಟುವ ದಾರಿ ಅದರೊಳಗಿಂದಲೇ ಹಾಯ್ದಿದೆ. ಅದರಡಿಯಲ್ಲಿ ನಿಂತರೆ ತಡೆಯುವವನ ಕಟ್ಟಡಕ್ಕೂ ಎಂಥ ಗಾಂಭೀರ್ಯ ಬರಬಹುದು ಎಂದು ಗೊತ್ತಾಗುತ್ತದೆ.

ಆದರೆ ರಸ್ತೆ ಬದಿಯ ಸಾಧಾರಣ ಸುಂಕದ ಮನೆ? ಹೆಸರು ಉಳಿದಿದೆ, ಮನೆ ಉಳಿದಿಲ್ಲ. ಆ ಹೆಸರುಗಳಾದರೂ ಎಷ್ಟು! ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರಿಗೆ ಆರತಿ ಉಕ್ಕಡ ಗೊತ್ತು. ಉಕ್ಕಡ ಎಂದರೆ ಊರಂಚಿನ ಕಾವಲು ಠಾಣೆ, ಸುಂಕದ ಠಾಣೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಮೊದಲು 'ಟೋಲ್‌ಗೇಟ್' ಬರುತ್ತದೆ, ಇನ್ನೂ ಮುಂದೆ ಹೋದರೆ 'ಸುಂಕದಕಟ್ಟೆ' ಬರುತ್ತದೆ. ಒಂದೇ ರಸ್ತೆ, ಒಂದೇ ಅರ್ಥ, ಇಂಗ್ಲಿಷಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ! ನಮ್ಮ ಧಾರವಾಡದಲ್ಲಿ 'ಟೋಲ್ ನಾಕಾ'. ನಾನು ಹುಬ್ಬಳ್ಳಿಗೆ ಓದಲು ಹೋಗುತ್ತಿದ್ದ ಕಾಲದಲ್ಲಿ ಕಂಡಕ್ಟರು "ಟೋಲ್ ನಾಕಾದಾಗ ಇಳಿಯೋರು ಮುಂದ ಬರ್ರೀ" ಎಂದು ಕೂಗುತ್ತಿದ್ದ. ದಿನಾ ಕೇಳಿದರೂ ಟೋಲ್ ಎಲ್ಲಿತ್ತು ಎಂದು ಒಂದು ದಿನವೂ ನಾನು ಕೇಳಲಿಲ್ಲ. ಇನ್ನು ದಕ್ಷಿಣ ಕನ್ನಡದ ನಮ್ಮ ಸದಸ್ಯರಿಗೆ ಬಜ್ಪೆಯ ಸುಂಕದಕಟ್ಟೆಯನ್ನು ಪರಿಚಯಿಸಬೇಕಾಗಿಲ್ಲ. ಅವರ ಯಕ್ಷಗಾನ ಮೇಳದ ಹೆಸರೇ ಸುಂಕದಕಟ್ಟೆ ಮೇಳ. ಗಲ್ಫಿನಿಂದ ಹೋದವರು ವಿಮಾನ ಇಳಿದು, ಕಸ್ಟಮ್ಸ್ ಎಂಬ ಇವತ್ತಿನ ಸುಂಕದವರನ್ನು ದಾಟಿ ಹೊರಬಂದರೆ, ಸಮೀಪದಲ್ಲೇ ಹಳೆಯ ಸುಂಕದವರ ಊರು ಇದೆ ಎಂಬುದು ತಮಾಷೆಯಲ್ಲವೇ?

'ಕಟ್ಟೆ' ಎಂಬ ಮಾತನ್ನು ಗಮನಿಸಬೇಕು. ನಾಕಾ ಎಂದರೆ ದಾರಿಯ ಬಾಯಿ. ಗೇಟ್ ಎಂದರೆ ಅಡ್ಡಗಟ್ಟುವ ಬಾಗಿಲು. ಕಟ್ಟೆ ಹಾಗಲ್ಲ, ಅದು ಕುಳಿತುಕೊಳ್ಳುವ ಜಾಗ. ಅಶ್ವತ್ಥಕಟ್ಟೆ, ಪಂಚಾಯತಿ ಕಟ್ಟೆ, ಸುಂಕದಕಟ್ಟೆ. ನನ್ನ ಊಹೆ ಇದು: ನಮ್ಮ ಸುಂಕದ ಮನೆಗೆ ಗೋಡೆಯೂ ಬೇಕಿರಲಿಲ್ಲ, ಕಿಟಕಿಯೂ ಬೇಕಿರಲಿಲ್ಲ. ಮರದ ನೆರಳು, ಮಂಡಿಯೆತ್ತರದ ಕಲ್ಲಿನ ಕಟ್ಟೆ, ಮೇಲೆ ಕುಳಿತವನು ಎತ್ತಿನ ಬೆನ್ನಿನ ಹೇರನ್ನು ಎದ್ದೇಳದೆ ಮುಟ್ಟಿ ನೋಡಬಹುದು. ತಲೆಹೊರೆಯವನು ಗಂಟನ್ನು ಅದೇ ಕಟ್ಟೆಯ ಮೇಲಿಳಿಸಿ ದಣಿವಾರಿಸಿಕೊಳ್ಳಬಹುದು. ಸುಂಕ ಕೊಡುವವನೂ ತೆಗೆದುಕೊಳ್ಳುವವನೂ ಒಂದೇ ಕಲ್ಲಿನ ಮೇಲೆ ಕೂರುವ ಈ ವಾಸ್ತು, ಪೆನ್ಸಿಲ್ವೇನಿಯಾದ ಎಂಟು ಮೂಲೆಗಿಂತ ನನಗೆ ಒಂದು ಗುಲಗಂಜಿ ಹೆಚ್ಚೇ. ಆದರೆ ಅವರು ತಮ್ಮದರಲ್ಲಿ ಎರಡನ್ನಾದರೂ ಉಳಿಸಿಕೊಂಡರು. ನಾವು ರಸ್ತೆ ಅಗಲ ಮಾಡುವಾಗ ಮೊದಲು ಎತ್ತಿ ಎಸೆಯುವುದೇ ಕಟ್ಟೆಯನ್ನು.

ಸುಂಕದವರು ಒಳ್ಳೆಯವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ವೇಲ್ಸ್‌ನಲ್ಲಿ 1839ರಿಂದ 1843ರವರೆಗೆ ರೈತರು ಹೆಂಗಸರ ಉಡುಪು ತೊಟ್ಟು ರಾತ್ರಿ ಬಂದು ಟೋಲ್‌ಗೇಟುಗಳನ್ನು ಒಡೆದು ಹಾಕಿದರು. ಮೈಸೂರಿನಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ರದ್ದು ಮಾಡಿದ ಚಿಲ್ಲರೆ ತೆರಿಗೆಗಳೇ 769 ಎಂದು ದಾಖಲೆಯಿದೆ. ಅಷ್ಟಿದ್ದವು ಎಂಬುದೇ ಜನರ ಸಂಕಟವನ್ನು ಹೇಳುತ್ತದೆ.

ಆದರೂ ನಮ್ಮ ಮನೆಯಲ್ಲಿ ಆ ಗಾದೆಗೆ ಎದುರಾದ ಒಂದು ಕಥೆಯಿದೆ. ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾದದ್ದು 1979ರಲ್ಲಿ. ಅದಕ್ಕೆ ಮೊದಲು ಪಟ್ಟಣದೊಳಗೆ ಬರುವ ಮಾಲಿಗೆಲ್ಲ ನಾಕಾದಲ್ಲಿ ಸುಂಕ. ನನ್ನ ಅಪ್ಪ ಏಳೆಂಟು ವರ್ಷದವನಿದ್ದಾಗ ವಿಪರೀತ ಜ್ವರ ಬಂತಂತೆ. ಅಜ್ಜ ರಾತ್ರೋರಾತ್ರಿ ಚಕ್ಕಡಿ ಹೂಡಿ, ಮಗನನ್ನು ಕೌದಿಯಲ್ಲಿ ಸುತ್ತಿ ಮಲಗಿಸಿ, ಡಾಕ್ಟರಿಗೆ ಕೊಡಲು ರೊಕ್ಕ ಬೇಕಲ್ಲ ಎಂದು ಎರಡು ಚೀಲ ಶೇಂಗಾ ಹೇರಿಕೊಂಡು ಹೊರಟ. ಕೈಯಲ್ಲಿ ಬಿಡಿಗಾಸಿಲ್ಲ. ನಾಕಾದವನು ಕಂದೀಲು ಎತ್ತಿ ಚೀಲ ಎಣಿಸಿದ. ಆ ಬೆಳಕಿನಲ್ಲೇ ಹುಡುಗನ ಮುಖ ಕಂಡಿತು. ಒಂದು ಕ್ಷಣ ನಿಂತು, ಅಡ್ಡಮರ ಎತ್ತಿ, "ಹೋಗ್ರಿ, ಹೋಗ್ರಿ, ತಿರುಗಿ ಬರೂ ಮುಂದ ಕೊಟ್ಟು ಹೋಗ್ರಿ" ಅಂದನಂತೆ. ಮೂರು ದಿನದ ಮೇಲೆ ಅಜ್ಜ ಕೊಟ್ಟೇ ಬಂದ. ಅಪ್ಪ ಈ ಕಥೆಯನ್ನು ಹೇಳುವಾಗ ಡಾಕ್ಟರನ್ನು ಎಂದೂ ಹೊಗಳಲಿಲ್ಲ, ಬರೀ ನಾಕಾದವನನ್ನೇ ಹೊಗಳುತ್ತಿದ್ದ. ಡಾಕ್ಟರಾದ ನನಗೆ ಅದು ಬಹಳ ದಿನ ಚುಚ್ಚುತ್ತಿತ್ತು.

ಈಚಿನ ನಮ್ಮ ಟೋಲ್ ಪ್ಲಾಜಾಗಳಿಗೆ ವಿಮರ್ಶೆಯ ಅಗತ್ಯವೇ ಇಲ್ಲ. ತಗಡಿನ ಚಾವಣಿ, ಅದರಡಿ ಸಾಲಾಗಿ ಗಾಜಿನ ಗೂಡುಗಳು. ಮಂಗಳೂರಿನಲ್ಲೂ ಅದೇ, ಮಂಡ್ಯದಲ್ಲೂ ಅದೇ. ಸುರತ್ಕಲ್ಲಿನ ಟೋಲ್‌ಗೇಟ್ ನನ್ನ ಭಾವಮೈದುನನಿಗೆ ಚೆನ್ನಾಗಿ ಗೊತ್ತು. ಜನರ ದೀರ್ಘ ಹೋರಾಟದ ನಂತರ ಅಲ್ಲಿ 2022ರ ಡಿಸೆಂಬರ್ 1ರಿಂದ ಸಂಗ್ರಹ ನಿಂತಿತು. ಅದೂ ಈಗ 'ಹಿಂದಿನ ಟೋಲ್' ಎಂಬ ಜಾತಿಗೆ ಸೇರಿತು. ಅದನ್ನು ಸ್ಮಾರಕ ಮಾಡಿ ಉಳಿಸಿ ಎಂದು ಯಾವ ಹುಚ್ಚನೂ ಕೇಳಲಾರ. ಆದರೆ ಒಂದನ್ನು ಒಪ್ಪಬೇಕು: ಅದು ಕಣ್ಣಿಗೆ ಕಾಣುತ್ತಿತ್ತು, ಅದರೆದುರು ಹೋಗಿ ಕೂರುವುದಕ್ಕೆ ಒಂದು ಜಾಗವಿತ್ತು. ಅದಕ್ಕೇ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೆ ಮಕ್ತಾದ ಕಮಾನಿಗೂ ನ್ಯಾಯ ಸಲ್ಲಿಸಬೇಕು. ವೈದ್ಯನಾಗಿ ನಾನು ಅದಕ್ಕೆ ಕೃತಜ್ಞ. ಗಾಜಿನ ಗೂಡಿನಲ್ಲಿ ಎಂಟು ತಾಸು ಕುಳಿತು ಲಾರಿಯ ಹೊಗೆ ಕುಡಿಯುವವನ ಶ್ವಾಸಕೋಶ ಏನಾಗುತ್ತದೆಂದು ನನಗೆ ಗೊತ್ತು. ಆಂಬುಲೆನ್ಸ್ ಒಂದು ಉದ್ದದ ಸಾಲಿನ ಹಿಂದೆ ಸಿಕ್ಕಿಕೊಂಡು ಕೂಗುವುದನ್ನು ಒಳಗೆ ಕುಳಿತೇ ಕೇಳಿದ್ದೇನೆ. ಇಲ್ಲಿ ಯಾರೂ ನಿಲ್ಲಬೇಕಾಗಿಲ್ಲ, ಚಿಲ್ಲರೆ ಹುಡುಕಬೇಕಾಗಿಲ್ಲ, ಯಾರ ಕೈಯೂ ಬೆಚ್ಚಗೆ ಮಾಡಬೇಕಾಗಿಲ್ಲ. ಸುಂಕದವನ ದರ್ಪ ಹೋಯಿತು. ಇದು ಸಣ್ಣ ಲಾಭವಲ್ಲ.

ನನ್ನ ಆಕ್ಷೇಪ ಅದರ ರೂಪದ ಮೇಲೆ. ಮುಸ್ಸಫಾದಲ್ಲಿ ಇದ್ದದ್ದೇ ಮಕ್ತಾದಲ್ಲೂ ಇದೆ; ತಾನು ಎಲ್ಲಿ ನಿಂತಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಕೂಗಳತೆಯಲ್ಲೇ ಇನ್ನೂರು ವರ್ಷದ ಹಿರಿಯ ನೀರಿನಲ್ಲಿ ನಿಂತಿದ್ದರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಅದರಲ್ಲಿ ಕ್ಯಾಮರಾ ಇದೆ, ನಂಬರ್ ಪ್ಲೇಟು ಕಾಣುತ್ತದೆ, ಮುಖ ಅದಕ್ಕೆ ಬೇಕಾಗಿಲ್ಲ. ಕಂದೀಲು ಎತ್ತುವವನೇ ಇಲ್ಲ. ತಪ್ಪು ಲೆಕ್ಕವಾದರೆ ದೂರು ಕೊಡಲು ಫೋನಿನಲ್ಲಿ ವ್ಯವಸ್ಥೆ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ಫೋನು ಹಿಡಿಯಲು ಬಾರದ, ಓದಲು ಬಾರದ ನಮ್ಮ ಕಾರ್ಮಿಕ ಬಂಧುಗಳು ಎಷ್ಟೋ ಕಡೆ ಕೌಂಟರ್ ಹುಡುಕುತ್ತಾ ನಿಲ್ಲುವುದನ್ನು ದಿನಾ ನೋಡುವ ನನಗೆ ಭಾವಮೈದುನನ ಪ್ರಶ್ನೆ ಬರೀ ನಗೆಯ ಮಾತಾಗಿ ಉಳಿಯಲಿಲ್ಲ.

ಅವನು ಕಳೆದ ವಾರ ಊರಿಗೆ ವಾಪಸಾದ. ನನ್ನ ಕಾಟ ತಾಳಲಾರದೆ ಸುಂಕದಕಟ್ಟೆಗೆ ಹೋಗಿ, ಹಳೆಯ ಕಟ್ಟೆ ಎಲ್ಲಿತ್ತೆಂದು ವಿಚಾರಿಸಿ ಬಂದನಂತೆ. ಒಬ್ಬರು ಹಿರಿಯರು ದೇವಸ್ಥಾನದ ಕಡೆ ಕೈ ತೋರಿಸಿದರು. ಇನ್ನೊಬ್ಬರು, ಅಲ್ಲ, ಬಸ್ಸು ನಿಲ್ಲುವಲ್ಲಿ ಎಂದರು. ಮೂರನೆಯವರು ಇವನನ್ನು ಮೇಲಿಂದ ಕೆಳಗೆ ನೋಡಿ, "ಕಟ್ಟೆ ಎಂತಕ್ಕೆ ನಿಮಗೆ? ಆಟ ಗೊತ್ತು ಮಾಡ್ಲಿಕ್ಕೆ ಬಂದದ್ದಾ?" ಎಂದು ಕೇಳಿದರಂತೆ.